ಒಂದು ನಿಯಮ ‘ತೆರೆ’ ಅಂದಾಗ ಇನ್ನೊಂದು ‘ಬೇಡ’ ಅಂದರೆ: ಯಾವ ಬಾಗಿಲಿಗೆ ಯಾವ ಪದ್ಧತಿ ಸರಿ?

ಚಿಕ್ಕಮಗಳೂರು, ಹಾಸನದ ಕಡೆ ಕಾರ್ಡ್ ಅಥವಾ ಬೆರಳಚ್ಚಿನ ಬಾಗಿಲು ಈಗ ಹೊಸದೇನಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್, ನರ್ಸಿಂಗ್ ಹೋಂ, ಕಾಲೇಜು ಹಾಸ್ಟೆಲ್, ಸಹಕಾರಿ ಬ್ಯಾಂಕ್, ಎಲ್ಲ ಕಡೆ ಬಂದಿದೆ. ಕೊಳ್ಳುವಾಗ ಜನ ಕೇಳುವುದೂ ಹೆಚ್ಚುಕಡಿಮೆ ಒಂದೇ ಥರ: ಎಷ್ಟು ಬೆರಳು ಹಿಡಿಸುತ್ತದೆ, ಹಾಜರಾತಿ ಎಕ್ಸೆಲ್‌ಗೆ ಬರುತ್ತದಾ, ವಾರಂಟಿ ಎಷ್ಟು ವರ್ಷ. ಎರಡು ನಿಯಮ ಒಂದಕ್ಕೊಂದು ತಿರುಗಿಬಿದ್ದರೆ ನಿಮ್ಮ ಯಂತ್ರ ಯಾವುದರ ಮಾತು ಕೇಳುತ್ತದೆ ಅಂತ ಕೇಳುವವರು ಕಡಿಮೆ. ಆ ಪ್ರಶ್ನೆ ಏಳುವುದು ಆಮೇಲೆ, ಭಾನುವಾರ ಲಾರಿ ಬಂದು ಬಾಗಿಲ ಮುಂದೆ ನಿಂತಾಗ.

ಇದಕ್ಕೆ ಇರುವ ಮುಖ್ಯ ಪದ್ಧತಿಗಳು ನಾಲ್ಕೈದು. ಯಾವುದು ಒಳ್ಳೆಯದು ಅಂತ ಇಡೀ ಕಟ್ಟಡಕ್ಕೆ ಒಂದೇ ಉತ್ತರ ಹುಡುಕಬೇಡಿ. ಪ್ರತಿ ಬಾಗಿಲಿಗೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ ತಪ್ಪಾಗಿ ಯಾರನ್ನಾದರೂ ಒಳಗೆ ಬಿಟ್ಟರೆ ನಷ್ಟ ಜಾಸ್ತಿಯೋ, ತಪ್ಪಾಗಿ ಹೊರಗೆ ನಿಲ್ಲಿಸಿದರೆ ಜಾಸ್ತಿಯೋ? ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಮೊದಲು, ಈ ಜಗಳಕ್ಕೆ ಸೇರಿಸಲೇಬಾರದ ಒಂದು ವಿಷಯ

ಒಳಗಿರುವ ಮನುಷ್ಯ ಹೊರಗೆ ಬರುವುದು. ಅದಕ್ಕೆ ಯಾವ ನಿಯಮವೂ ಅಡ್ಡ ಬರಬಾರದು. ರಜೆ ಇರಲಿ, ಕಾರ್ಡ್ ಬ್ಲಾಕ್ ಆಗಿರಲಿ, ಸಾಫ್ಟ್‌ವೇರ್ ಹ್ಯಾಂಗ್ ಆಗಿರಲಿ, ಬೆಂಕಿ ಬಿದ್ದರೆ ಬಾಗಿಲು ಒಳಗಿನಿಂದ ತೆರೆಯಲೇಬೇಕು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ 2016, ಇದರ 4ನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯದ್ದೇ.

ಮ್ಯಾಗ್ನೆಟಿಕ್ ಲಾಕ್ ಕರೆಂಟ್ ಇರುವವರೆಗೆ ಮಾತ್ರ ಹಿಡಿದಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು 600 ಪೌಂಡಿನದು, ಸುಮಾರು 270 ಕೆಜಿ ಹಿಡಿತ. ಕರೆಂಟ್ ಕಿತ್ತರೆ ಬಾಗಿಲು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಫೈರ್ ಅಲಾರಂನ ರಿಲೇ, ಅಂದರೆ ಅಲಾರಂ ಆದಾಗ ತಾನೇ ಆಫ್ ಆಗುವ ಸ್ವಿಚ್ಚು, ಮತ್ತು ಬಾಗಿಲ ಪಕ್ಕದ ಎಮರ್ಜೆನ್ಸಿ ಡಬ್ಬಿ ಇವೆರಡೂ ಲಾಕಿನ ಕರೆಂಟನ್ನೇ ನೇರವಾಗಿ ವೈರಿನಲ್ಲಿ ಕತ್ತರಿಸಬೇಕು. ‘ಸಾಫ್ಟ್‌ವೇರ್‌ನಲ್ಲಿ ಒಂದು ನಿಯಮ ಹಾಕಿದ್ದೀವಿ ಸಾರ್, ಬೆಂಕಿ ಅಂದ್ರೆ ಎಲ್ಲಾ ಓಪನ್ ಆಗುತ್ತೆ’ ಅಂತ ಡೀಲರ್ ಹೇಳಿದರೆ ಒಪ್ಪಬೇಡಿ. ನಿಯಮ ಅಂತ ಹಾಕಿದ ಮೇಲೆ ಅದು ಇನ್ನೊಂದು ನಿಯಮಕ್ಕೆ ಸೋಲಬಹುದು. ವೈರ್ ಕತ್ತರಿಸಿದರೆ ಸೋಲು ಗೆಲುವಿನ ಮಾತೇ ಇಲ್ಲ.

ಗೋಡೌನ್, ಔಷಧಿ ಸ್ಟೋರ್‌ನಂಥ ಕಡೆ ಕರೆಂಟ್ ಹೋದ ಕೂಡಲೇ ಹೊರಗಿನಿಂದ ಬಾಗಿಲು ತೆರೆದುಕೊಂಡರೂ ಕಷ್ಟ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕತೆ ಗೊತ್ತಲ್ವಾ. ಅಲ್ಲಿಗೆ ಕರೆಂಟ್ ಹೋದಾಗ ಹೊರಗಿನಿಂದ ಬೀಗ ಬಿದ್ದೇ ಇರುವ, ಒಳಗಿನಿಂದ ಹಿಡಿಕೆ ತಿರುಗಿಸಿದರೆ ತೆರೆಯುವ ಬೇರೆ ಬಗೆಯ ಲಾಕ್ ಸಿಗುತ್ತದೆ. ಅದನ್ನೇ ಹಾಕಿಸಿ.

ಒಂದು ಗೋಡೌನ್, ನಾಲ್ಕು ನಿಯಮ

ಪದ್ಧತಿಗಳನ್ನು ಸುಮ್ನೆ ಹೆಸರು ಹೇಳಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್ ಅಂದುಕೊಳ್ಳಿ. ಕುಯ್ಲು ಮುಗಿಯುತ್ತಾ ಬಂದು ಪಾರ್ಚ್‌ಮೆಂಟು, ಚೆರಿ ಎರಡೂ ಬಗೆಯ ಕಾಫಿ ಮೂಟೆ ಮೂಟೆ ಬಂದು ಬೀಳುವ ಕಾಲ. ಗೋಡೌನ್ ಬಾಗಿಲಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆಯವರು ಬರೆಸಿದ ನಾಲ್ಕು ನಿಯಮ ಇವೆ.

1. ಗೋಡೌನ್ ಸಿಬ್ಬಂದಿಗೆ ದಿನಾ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ತೆರೆಯಬೇಕು. ಮ್ಯಾನೇಜರ್ ಕೂಡ ಈ ಗುಂಪಿನಲ್ಲೇ ಇದ್ದಾರೆ.
2. ಭಾನುವಾರ ಯಾರಿಗೂ ತೆರೆಯಬಾರದು.
3. ಜನವರಿಯಿಂದ ಮಾರ್ಚ್‌ವರೆಗೆ ಲೋಡಿಂಗ್ ಮೇಸ್ತ್ರಿ ಮಂಜಣ್ಣನಿಗೆ ಭಾನುವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ತೆರೆಯಬೇಕು.
4. ಸ್ಟಾಕ್ ಲೆಕ್ಕದ ದಿನ ಮ್ಯಾನೇಜರ್ ಬಿಟ್ಟು ಬೇರೆ ಯಾರಿಗೂ ತೆರೆಯಬಾರದು.

ಬಿಡಿ ಬಿಡಿಯಾಗಿ ನೋಡಿದರೆ ನಾಲ್ಕೂ ಸರಿಯಾಗೇ ಇವೆ. ಈಗ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ 9ಕ್ಕೆ ಮಂಜಣ್ಣ ಕಾರ್ಡ್ ಹಿಡಿಯುತ್ತಾನೆ. ಎರಡನೇ ನಿಯಮ ಬೇಡ ಅನ್ನುತ್ತದೆ. ಮೂರನೆಯದು ತೆರೆ ಅನ್ನುತ್ತದೆ.

ತಡೆಯೇ ಮೇಲು

ಒಂದೇ ಒಂದು ನಿಯಮ ಬೇಡ ಅಂದರೂ ಬಾಗಿಲು ತೆರೆಯುವುದಿಲ್ಲ. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸನಾಂಬ ದರ್ಶನಕ್ಕೆ ಕೈಯಲ್ಲಿ ಯಾವ ಪಾಸ್ ಇದ್ದರೂ ನೈವೇದ್ಯದ ಹೊತ್ತಿಗೆ ದರ್ಶನ ನಿಂತರೆ ನಿಂತಿದ್ದೇ.

ಇಲ್ಲಿ ಮಂಜಣ್ಣ ಹೊರಗೇ ನಿಲ್ಲುತ್ತಾನೆ. ಮೂರನೇ ನಿಯಮ ಬರೆದದ್ದೇ ದಂಡ. ಸ್ಟಾಕ್ ಲೆಕ್ಕ ಭಾನುವಾರ ಬಿದ್ದರೆ ಮ್ಯಾನೇಜರಿಗೂ ಅದೇ ಗತಿ, ಯಾಕೆಂದರೆ ಎರಡನೇ ನಿಯಮ ಅವರನ್ನೂ ಬಿಟ್ಟಿಲ್ಲ.

ಆದರೂ ಈ ಪದ್ಧತಿಯ ಒಂದು ಗುಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ನಿಯಮಗಳನ್ನು ಯಾವ ಕ್ರಮದಲ್ಲಿ ಬರೆದರೂ ಉತ್ತರ ಬದಲಾಗುವುದಿಲ್ಲ. ಆಫೀಸಿನವರು ಒಂದು ಬರೆದು, ಸೆಕ್ಯುರಿಟಿಯವರು ಇನ್ನೊಂದು ಸೇರಿಸಿ, ಮಾಲೀಕರ ಮಗ ಬೆಂಗಳೂರಿನಿಂದ ಕೂತು ಮೂರನೆಯದು ಹಾಕಿದರೂ, ಎಲ್ಲಿ ‘ಬೇಡ’ ಇದೆಯೋ ಅಲ್ಲಿ ಬೇಡ. ನಿಯಮ ಬರೆಯುವ ಕೈ ಒಂದಕ್ಕಿಂತ ಹೆಚ್ಚಿದ್ದರೆ ಇದು ದೊಡ್ಡ ಸಮಾಧಾನ. ಕ್ಯಾಶ್ ರೂಂ, ಸರ್ವರ್ ರೂಂ, ಮಾರ್ಫಿನ್‌ನಂಥ, 1985ರ ಮಾದಕ ವಸ್ತುಗಳ ಕಾಯ್ದೆಯ (ಎನ್‌ಡಿಪಿಎಸ್) ಕೆಳಗೆ ಬರುವ ಔಷಧಿ ಇಡುವ ಕೋಣೆ, ಇಂಥ ಕಡೆಗೆಲ್ಲ ನಾನು ಹೇಳುವುದು ಇದನ್ನೇ. ಕಳೆದುಹೋದ ಕಾರ್ಡ್, ಕೆಲಸ ಬಿಟ್ಟವರ ಕಾರ್ಡ್ ವಿಷಯದಲ್ಲಂತೂ ಉಳಿದ ಬಾಗಿಲುಗಳಿಗೆ ಯಾವ ಪದ್ಧತಿ ಹಾಕಿದ್ದರೂ ಸರಿ, ತಡೆಯೇ ಗೆಲ್ಲಬೇಕು.

ಅನುಮತಿಯೇ ಮೇಲು

ಯಾವುದಾದರೂ ಒಂದು ನಿಯಮ ತೆರೆ ಅಂದರೆ ಸಾಕು. ಮಂಜಣ್ಣ ಒಳಗೆ ಹೋಗುತ್ತಾನೆ. ಆದರೆ ಒಂದನೇ ನಿಯಮದ ‘ದಿನಾ’ದಲ್ಲಿ ಭಾನುವಾರವೂ ಬಂತು. ಹಾಗಾಗಿ ಗೋಡೌನ್ ಸಿಬ್ಬಂದಿಯೆಲ್ಲ ಒಳಗೆ ಹೋಗಬಹುದು. ಸ್ಟಾಕ್ ಲೆಕ್ಕದ ದಿನವೂ ಹೋಗಬಹುದು. ಎರಡು ಮತ್ತು ನಾಲ್ಕನೇ ನಿಯಮ ಪರದೆಯ ಮೇಲೆ ಕಾಣುತ್ತವೆ, ಕೆಲಸ ಮಾತ್ರ ಮಾಡುವುದಿಲ್ಲ.

ಹಾಗಂತ ಇದನ್ನು ತಳ್ಳಿಹಾಕುವ ಹಾಗಿಲ್ಲ. ಮಾರುಕಟ್ಟೆಯ ಬಹಳಷ್ಟು ಬಾಗಿಲ ಪ್ಯಾನೆಲ್‌ಗಳು, ಅಂದರೆ ಬಾಗಿಲನ್ನು ನಡೆಸುವ ಪೆಟ್ಟಿಗೆಗಳು, ನಡೆಯುವುದೇ ಹೀಗೆ. ಯಾವ ಬಾಗಿಲು ಯಾವ ಹೊತ್ತಿಗೆ ಅನ್ನುವ ಅನುಮತಿಗೆ ಅಲ್ಲಿ ಆಕ್ಸೆಸ್ ಲೆವೆಲ್ ಅನ್ನುತ್ತಾರೆ. ಒಬ್ಬರಿಗೆ ಅಂಥ ಎರಡು ಮೂರು ಲೆವೆಲ್ ಕೊಟ್ಟರೆ ಎಲ್ಲವೂ ಕೂಡಿಕೊಳ್ಳುತ್ತವೆ. ‘ಬೇಡ’ ಅಂತ ಬರೆಯಲು ಜಾಗವೇ ಇರುವುದಿಲ್ಲ. ನಿಮ್ಮ ಯಂತ್ರ ಅಂಥದ್ದಾದರೆ ತಡೆ ಬರೆಯುವ ಯೋಚನೆ ಬಿಡಿ, ಅನುಮತಿಯನ್ನೇ ಚಿಕ್ಕದು ಮಾಡಿ. ಒಂದನೇ ನಿಯಮವನ್ನು ಸೋಮವಾರದಿಂದ ಶನಿವಾರ ಅಂತ ತಿದ್ದಿ. ಮಂಜಣ್ಣನಿಗೆ ಭಾನುವಾರದ ಲೆವೆಲ್ ಬೇರೆ ಕೊಡಿ. ಎರಡನೇ ನಿಯಮ ಅಳಿಸಿಬಿಡಿ, ಅದರ ಅಗತ್ಯವೇ ಇಲ್ಲ. ಉಳಿಯುವ ತೊಡಕು ಸ್ಟಾಕ್ ಲೆಕ್ಕದ ದಿನದ್ದು. ಅದಕ್ಕೆ ಆ ದಿನ ಬಾಗಿಲನ್ನೇ ಲಾಕ್‌ಡೌನ್‌ಗೆ ಹಾಕುವ, ಅಂದರೆ ಮಾಮೂಲಿ ಕಾರ್ಡ್‌ಗಳಿಗೆ ತೆರೆಯದ ಹಾಗೆ ಮಾಡುವ ಸೌಲಭ್ಯ ಇದೆಯಾ ಕೇಳಿ. ಇಲ್ಲ ಅಂದರೆ ಒಂದು ಒಳ್ಳೆ ಬೀಗ ಸಾಕು. ಬೀಗದ ಕೈ ಮ್ಯಾನೇಜರ್ ಜೇಬಿನಲ್ಲಿರಲಿ, ಹಾಕುವ ಮುಂಚೆ ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿ.

ಐದಾರು ಬಾಗಿಲಿನ ಆಫೀಸಿಗೆ ಇದಕ್ಕಿಂತ ಜಾಸ್ತಿ ಬೇಡ. ಆಸ್ಪತ್ರೆಯ ಐಸಿಯು, ಕ್ಯಾಶುಯಾಲಿಟಿ, ಹೆರಿಗೆ ವಾರ್ಡಿನ ಬಾಗಿಲಿಗೂ ಇದೇ ಸರಿ. ಅಲ್ಲಿ ಡ್ಯೂಟಿ ಡಾಕ್ಟರನ್ನು ಅರ್ಧ ನಿಮಿಷ ಹೊರಗೆ ನಿಲ್ಲಿಸಿದ ತಪ್ಪು, ಬೇರೆ ವಾರ್ಡಿನ ನರ್ಸ್ ಒಬ್ಬರು ಒಳಗೆ ಬಂದ ತಪ್ಪಿಗಿಂತ ದೊಡ್ಡದು. ಯಾರು ಯಾವಾಗ ಬಂದರು ಅನ್ನುವ ದಾಖಲೆ ಮಾತ್ರ ಬಿಗಿಯಾಗಿರಲಿ, ಮಾರನೇ ದಿನ ಯಾರಾದರೂ ಅದನ್ನು ಓದಲಿ.

ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ

ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಇದು ರೂಢಿ. ನೆಟ್‌ವರ್ಕ್‌ನಲ್ಲಿ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಅಂತ ಹೇಳುವ ಸಿಸ್ಕೊ ರೂಟರ್‌ನ ಪಟ್ಟಿಗಳು ಹೀಗೇ ಓಡುತ್ತವೆ: ಮೇಲಿನಿಂದ ಕೆಳಗೆ ಓದುತ್ತಾ ಹೋಗು, ಹೊಂದುವ ಮೊದಲ ಸಾಲು ಸಿಕ್ಕ ಕೂಡಲೇ ನಿಲ್ಲು, ಏನೂ ಹೊಂದದಿದ್ದರೆ ಬೇಡ ಅನ್ನು.

ನಮ್ಮ ಗೋಡೌನ್ ನಿಯಮಗಳನ್ನು 4, 3, 2, 1 ಅಂತ ತಲೆಕೆಳಗಾಗಿ ಜೋಡಿಸಿ ನೋಡಿ. ಮಾಮೂಲಿ ಭಾನುವಾರ ಮಂಜಣ್ಣನಿಗೆ ಮೂರನೇ ನಿಯಮ ಮೊದಲು ಸಿಗುತ್ತದೆ, ಬಾಗಿಲು ತೆರೆಯುತ್ತದೆ. ಉಳಿದ ಸಿಬ್ಬಂದಿಗೆ ಎರಡನೆಯದು ಸಿಗುತ್ತದೆ, ತೆರೆಯುವುದಿಲ್ಲ. ಸ್ಟಾಕ್ ಲೆಕ್ಕದ ದಿನ ಮಂಜಣ್ಣನಿಗೂ ಇಲ್ಲ. ಎಲ್ಲ ನೆಟ್ಟಗಿದೆ ಅನ್ನಿಸುತ್ತದೆ, ಅಲ್ವಾ?

ಮ್ಯಾನೇಜರನ್ನು ಕಳಿಸಿ ನೋಡಿ. ಸ್ಟಾಕ್ ಲೆಕ್ಕ ಭಾನುವಾರ ಇಟ್ಟುಕೊಂಡಿದ್ದಾರೆ. ನಾಲ್ಕನೇ ನಿಯಮ ಅವರನ್ನು ತಡೆಯಿಂದ ಬಿಟ್ಟಿದೆ, ಅಷ್ಟೇ. ತೆರೆ ಅಂತ ಎಲ್ಲೂ ಹೇಳಿಲ್ಲ. ಯಂತ್ರ ಮುಂದಿನ ಸಾಲಿಗೆ ಹೋಗುತ್ತದೆ. ಮೂರನೆಯದು ಮಂಜಣ್ಣನದು, ಇವರಿಗೆ ಹೊಂದುವುದಿಲ್ಲ. ಎರಡನೆಯದು ಭಾನುವಾರ ಬೇಡ ಅನ್ನುತ್ತದೆ. ಲೆಕ್ಕ ಮಾಡಬೇಕಾದವರೇ ಹೊರಗೆ! ‘ಇವರನ್ನು ಬಿಟ್ಟು’ ಅಂತ ಬರೆದ ಪ್ರತಿ ನಿಯಮದಲ್ಲೂ ಎರಡು ನಿಯಮ ಅಡಗಿರುತ್ತವೆ. ಬಿಡಿಸಿ ಬರೆಯಬೇಕು: ಸ್ಟಾಕ್ ಲೆಕ್ಕದ ದಿನ ಮ್ಯಾನೇಜರಿಗೆ ತೆರೆ, ಅದರ ಕೆಳಗೆ, ಸ್ಟಾಕ್ ಲೆಕ್ಕದ ದಿನ ಯಾರಿಗೂ ಬೇಡ. ಈ ಐದು ಸಾಲಿನಲ್ಲಿ ಎಲ್ಲರಿಗೂ ಬೇಕಾದ ಉತ್ತರವೇ ಸಿಗುತ್ತದೆ.

ಇದರ ಕೆಡುಕು ಕ್ರಮದಲ್ಲಿದೆ. ಯಾರೋ ಒಂದನೇ ನಿಯಮವನ್ನು ಎಳೆದು ಮೇಲೆ ಹಾಕಿದರು ಅಂದುಕೊಳ್ಳಿ. ಗೋಡೌನ್ ಸಿಬ್ಬಂದಿ ಬಂದಾಗ ಕೆಳಗಿನದ್ಯಾವುದನ್ನೂ ಯಂತ್ರ ಓದುವುದೇ ಇಲ್ಲ. ತಪ್ಪಾಗಿದೆ ಅಂತ ಸೂಚನೆಯೂ ಬರುವುದಿಲ್ಲ. ಹೊಸ ನಿಯಮ ಸೇರಿಸುವವರು ಸಾಮಾನ್ಯವಾಗಿ ಕೊನೆಯಲ್ಲಿ ಸೇರಿಸುತ್ತಾರೆ, ಅದು ಒಮ್ಮೆಯೂ ಓಡದೆ ವರ್ಷಗಟ್ಟಲೆ ಬಿದ್ದಿರಬಹುದು.

ಪಟ್ಟಿಯನ್ನು ಒಬ್ಬರೇ ನೋಡಿಕೊಳ್ಳುವ ಕಡೆ ನನ್ನ ಮೊದಲ ಆಯ್ಕೆ ಇದೇ. ಇಬ್ಬರು ಮುಟ್ಟುವ ಕಡೆ ಹಾಕಿಸಬೇಡಿ.

ವಿವರವಾದದ್ದೇ ಮೇಲು

‘ಎಲ್ಲರಿಗೂ’ ಅನ್ನುವುದಕ್ಕಿಂತ ‘ಈ ಗುಂಪಿಗೆ’, ಅದಕ್ಕಿಂತ ‘ಈ ಮನುಷ್ಯನಿಗೆ’ ಅನ್ನುವ ನಿಯಮ ಗೆಲ್ಲುತ್ತದೆ. ಕೇಳಲು ಬಹಳ ನ್ಯಾಯ ಅನ್ನಿಸುತ್ತದೆ. ಮಂಜಣ್ಣನ ಹೆಸರೇ ಇದೆ, ಹಾಗಾಗಿ ಮೂರನೆಯದು ಎರಡನೆಯದನ್ನು ಸೋಲಿಸುತ್ತದೆ.

ಸ್ಟಾಕ್ ಲೆಕ್ಕ ಭಾನುವಾರ ಬಂದರೆ? ಮೂರನೇ ನಿಯಮದಲ್ಲಿ ಮನುಷ್ಯ ನಿಖರ. ನಾಲ್ಕನೆಯದರಲ್ಲಿ ದಿನ ನಿಖರ. ಯಾವುದು ಹೆಚ್ಚು ವಿವರ? ಇದಕ್ಕೆ ಒಂದೇ ಉತ್ತರ ಇಲ್ಲ. ತಯಾರಿಸಿದವರು ಏನೋ ಒಂದು ತೀರ್ಮಾನ ಮಾಡಿರುತ್ತಾರೆ, ಅದು ಕೈಪಿಡಿಯ ಯಾವ ಮೂಲೆಯಲ್ಲಿದೆಯೋ. ಆಫೀಸಿನ ಕಂಪ್ಯೂಟರ್ ಹುಡುಗರು ‘ವಿಂಡೋಸ್ ಫೋಲ್ಡರ್‌ನಲ್ಲಿ ಡಿನೈ ಯಾವಾಗಲೂ ಗೆಲ್ಲುತ್ತೆ ಸಾರ್’ ಅಂತ ಧೈರ್ಯವಾಗಿ ಹೇಳುತ್ತಾರೆ. ಹಾಗೇನಿಲ್ಲ. ಆ ಫೋಲ್ಡರಿಗೇ ನೇರವಾಗಿ ಕೊಟ್ಟ ಅನುಮತಿ, ಮೇಲಿನ ಫೋಲ್ಡರಿನಿಂದ ಇಳಿದು ಬಂದ ತಡೆಯನ್ನು ಅಲ್ಲಿ ಗೆಲ್ಲುತ್ತದೆ. ಹತ್ತಿರದ್ದು ದೂರದ್ದನ್ನು ಸೋಲಿಸುವ ಈ ಲೆಕ್ಕ ಗೊತ್ತಿಲ್ಲದೆಯೇ ಜನ ವರ್ಷಾನುಗಟ್ಟಲೆ ಕೆಲಸ ಮಾಡಿರುತ್ತಾರೆ.

ಜನರ ಲೆಕ್ಕ ಮಾತ್ರ ಇದ್ದು ದಿನ, ಹೊತ್ತಿನ ತಕರಾರು ಇಲ್ಲದ ಕಡೆ ಈ ಪದ್ಧತಿ ನಡೆಯುತ್ತದೆ. ಅಂಥ ಕಟ್ಟಡ ಅಪರೂಪ.

ಉಳಿದವು

ಪ್ರತಿ ನಿಯಮಕ್ಕೂ ಆದ್ಯತೆಯ ನಂಬರ್ ಕೊಡುವ ಯಂತ್ರಗಳಿವೆ. ಇದು ಪಟ್ಟಿಯ ಪದ್ಧತಿಯೇ, ಕ್ರಮ ಕಣ್ಣಿಗೆ ಕಾಣುತ್ತದೆ ಅನ್ನುವುದು ಲಾಭ. ನಂಬರನ್ನು 10, 20, 30 ಅಂತ ಬಿಟ್ಟು ಬಿಟ್ಟು ಕೊಡಿ, ನಡುವೆ ಸೇರಿಸಲು ಜಾಗ ಇರುತ್ತದೆ. ಎರಡಕ್ಕೆ ಒಂದೇ ನಂಬರ್ ಬಿದ್ದರೆ ಏನಾಗುತ್ತದೆ ಅಂತ ಮೊದಲೇ ಕೇಳಿ.

ಇನ್ನೊಂದು, ಒಬ್ಬರಿಗೇ ಎರಡು ನಿಯಮ ಅನ್ವಯವಾದರೆ ತೀರ್ಪನ್ನೇ ಕೊಡದೆ ತಪ್ಪು ಅಂತ ತೋರಿಸುವ ಪದ್ಧತಿ. ಕಂಪ್ಯೂಟರ್ ಮಾನಕಗಳನ್ನು ಮಾಡುವ ಓಯಸಿಸ್ ಸಂಸ್ಥೆ 2003ರಲ್ಲಿ ಮೊದಲು ತಂದ, ಅನುಮತಿ ನಿಯಮ ಬರೆಯುವ ಎಕ್ಸ್‌ಎಸಿಎಂಎಲ್ ಎಂಬ ಮಾನಕದಲ್ಲಿ ತಡೆಯೇ ಮೇಲು, ಅನುಮತಿಯೇ ಮೇಲು, ಮೊದಲು ಸಿಕ್ಕಿದ್ದು ಇವುಗಳ ಜೊತೆಗೆ ಇದೂ ಇದೆ. ಬಾಗಿಲಲ್ಲಿ ಇದು ಆಗುವ ಕೆಲಸವಲ್ಲ. ನಿಯಮ ಬರೆಯುವ ಹೊತ್ತಿನಲ್ಲಿ ‘ಇದು ಆ ನಿಯಮಕ್ಕೆ ಅಡ್ಡ ಬರುತ್ತಿದೆ’ ಅಂತ ಎಚ್ಚರಿಸಲು ಬಳಸುವ ಸಾಫ್ಟ್‌ವೇರ್ ಸಿಕ್ಕರೆ ಮಾತ್ರ ಬಿಡಬೇಡಿ.

ಯಾವ ಪದ್ಧತಿಯೂ ಬಿಡಿಸದ ಗಂಟುಗಳು

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜು ಅಂತಿಟ್ಟುಕೊಳ್ಳಿ. ಪರೀಕ್ಷೆ ಅಂತ ಲೈಬ್ರರಿ ರಾತ್ರಿ 11ರವರೆಗೆ ತೆರೆದಿದೆ. ಹೆಣ್ಣುಮಕ್ಕಳ ಹಾಸ್ಟೆಲ್ ಗೇಟ್ 9ಕ್ಕೇ ಬಂದ್. ಲೈಬ್ರರಿ ಬಾಗಿಲಲ್ಲಿ ಜಗಳ ಇಲ್ಲ, ಹಾಸ್ಟೆಲ್ ಗೇಟಲ್ಲೂ ಇಲ್ಲ. ಯಂತ್ರದ ಕಣ್ಣಿಗೆ ಎಲ್ಲ ಸರಿ. 11ಕ್ಕೆ ಓದು ಮುಗಿಸಿ ಬಂದ ಹುಡುಗಿ ಗೇಟಿನ ಹೊರಗೆ ನಿಂತು ವಾರ್ಡನ್‌ಗೆ ಫೋನ್ ಮಾಡಬೇಕು. ನಿಯಮಗಳ ಜಗಳ ಎರಡು ಬಾಗಿಲ ನಡುವೆ ಇದ್ದಾಗ ಮೇಲೆ ಹೇಳಿದ ಯಾವ ಪದ್ಧತಿಯೂ ಉಪಯೋಗಕ್ಕೆ ಬಾರದು, ಯಾಕೆಂದರೆ ಅವೆಲ್ಲ ಒಂದು ಬಾಗಿಲನ್ನಷ್ಟೇ ನೋಡುತ್ತವೆ. ಕಾಗದದ ಮೇಲೆ ಒಬ್ಬ ಮನುಷ್ಯನ ಇಡೀ ದಿನ ಬರೆದು ನೋಡಬೇಕು: ಗೇಟ್, ಮೆಟ್ಟಿಲು, ಕೋಣೆ, ವಾಪಸ್.

ರಾತ್ರಿ ಪಾಳಿಯದ್ದು ಇನ್ನೊಂದು ಗಂಟು. ಶನಿವಾರ ರಾತ್ರಿ 10ಕ್ಕೆ ಡ್ಯೂಟಿಗೆ ಬಂದ ನರ್ಸ್‌ಗೆ ಅದು ಒಂದೇ ಪಾಳಿ. ಯಂತ್ರಕ್ಕೆ 12 ಹೊಡೆದ ಕೂಡಲೇ ಭಾನುವಾರ. ‘ಭಾನುವಾರ ಬೇಡ’ ಅನ್ನುವ ನಿಯಮ ಇದ್ದರೆ, ಒಂದೂವರೆಗೆ ಕಾಫಿ ಕುಡಿಯಲು ಹೊರಗೆ ಬಂದವರು ವಾಪಸ್ ಹೋಗಲಾಗದೆ ನಿಲ್ಲುತ್ತಾರೆ. ಎಷ್ಟೋ ಯಂತ್ರಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6 ಅಂತ ಒಂದೇ ಸಾಲಿನಲ್ಲಿ ಬರೆಯಲೂ ಆಗುವುದಿಲ್ಲ. 10ರಿಂದ 11:59, 12ರಿಂದ 6 ಅಂತ ಎರಡು ದಿನಕ್ಕೆ ಒಡೆದು ಹಾಕಬೇಕು.

ರಜೆಯ ಪಟ್ಟಿಯನ್ನೂ ನೋಡಿ. ನವೆಂಬರ್ 1 ಪ್ರತಿ ವರ್ಷ ನವೆಂಬರ್ 1ಕ್ಕೇ ಬರುತ್ತದೆ. ಯುಗಾದಿ, ದೀಪಾವಳಿ ಹಾಗಲ್ಲ. ಹೋದ ವರ್ಷದ ಪಟ್ಟಿ ಹಾಗೇ ಉಳಿದರೆ ಕೆಲಸದ ದಿನ ಬಾಗಿಲು ಮುಚ್ಚಿರುತ್ತದೆ, ಹಬ್ಬದ ದಿನ ತೆರೆದಿರುತ್ತದೆ. ತಿದ್ದುವ ಕೆಲಸ ಯಾರದ್ದು ಅಂತ ಹೆಸರು ಬರೆದಿಡಿ.

ಕೊನೆಯದಾಗಿ, ಫೈರ್ ಡ್ರಿಲ್ ದಿನದ ಒಂದು ತಮಾಷೆ. ಒಳಗೆ ಹೋದ ಕಾರ್ಡ್ ಹೊರಗೆ ಬರುವವರೆಗೆ ಮತ್ತೆ ಒಳಗೆ ಬಿಡಬಾರದು ಅನ್ನುವ ಸೌಲಭ್ಯ ಹಾಕಿಸಿದವರಿಗೆ ಇದು ಗೊತ್ತಿರುತ್ತದೆ. ಅಲಾರಂ ಆದಾಗ ಬಾಗಿಲೆಲ್ಲ ತಾನೇ ತೆರೆದು ಜನ ಕಾರ್ಡ್ ಹಿಡಿಯದೆ ಹೊರಗೆ ಬಂದಿರುತ್ತಾರೆ. ಯಂತ್ರದ ಲೆಕ್ಕದಲ್ಲಿ ಅವರೆಲ್ಲ ಇನ್ನೂ ಒಳಗೇ ಇದ್ದಾರೆ. ವಾಪಸ್ ಬಂದಾಗ ಒಬ್ಬರನ್ನೂ ಬಿಡುವುದಿಲ್ಲ. ಅಲಾರಂ ನಿಂತ ಮೇಲೆ ಆ ಲೆಕ್ಕವನ್ನು ಸೊನ್ನೆ ಮಾಡುವ ಬಟನ್ ಎಲ್ಲಿದೆ ಅಂತ ವಾಚ್‌ಮನ್‌ಗೂ ಗೊತ್ತಿರಬೇಕು.

ಕೊಳ್ಳುವ ಮುಂಚೆ

ಡೆಮೊಗೆ ಬಂದವರು ಬೆರಳಿಟ್ಟು ಬಾಗಿಲು ತೆರೆದು ತೋರಿಸುತ್ತಾರೆ. ಅದು ಎಲ್ಲ ಯಂತ್ರವೂ ಮಾಡುತ್ತದೆ. ನೀವು ಮೇಲಿನ ನಾಲ್ಕು ನಿಯಮ ಕೊಟ್ಟು, ತಾರೀಖನ್ನು ಒಂದು ಭಾನುವಾರಕ್ಕೆ ತಿರುಗಿಸಿ, ಮಂಜಣ್ಣನ ಕಾರ್ಡ್ ಹಿಡಿಯಲು ಹೇಳಿ. ಆಮೇಲೆ ಮ್ಯಾನೇಜರದು. ತೆರೆಯದಿದ್ದರೆ ಯಾವ ನಿಯಮದಿಂದ ತೆರೆಯಲಿಲ್ಲ ಅಂತ ಪರದೆಯ ಮೇಲೆ ತೋರಿಸಬೇಕು. ಸುಮ್ನೆ ‘ಅನುಮತಿ ಇಲ್ಲ’ ಅಂದರೆ, ಮುಂದೆ ಜಗಳ ಬಂದಾಗ ನೀವು ಕತ್ತಲಲ್ಲಿ ಹುಡುಕಬೇಕಾಗುತ್ತದೆ. ಮೂರನೇ ನಿಯಮದ ಗಡುವು ಮಾರ್ಚ್ 31. ಏಪ್ರಿಲ್‌ಗೆ ತಿರುಗಿಸಿದಾಗ ಮಂಜಣ್ಣನ ಕಾರ್ಡ್ ತಾನಾಗೇ ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಸೀಸನ್‌ಗೆ ಅಂತ ಕೊಟ್ಟ ಅನುಮತಿ ಮುಂದಿನ ಸೀಸನ್‌ವರೆಗೂ ಉಳಿಯುತ್ತದೆ. ನಿಯಮಗಳ ಜಗಳ ಬಹಳ ಸಲ ಶುರುವಾಗುವುದು ಇಂಥ ಹಳೇ ಅನುಮತಿಗಳಿಂದಲೇ.

ಆಮೇಲೆ ನೆಟ್‌ವರ್ಕ್ ಕೇಬಲ್ ಕಿತ್ತು, ಸರ್ವರ್‌ನಲ್ಲಿ ಒಂದು ಕಾರ್ಡ್ ಬ್ಲಾಕ್ ಮಾಡಿಸಿ, ಆ ಕಾರ್ಡ್ ಹಿಡಿದು ನೋಡಿ. ಪ್ಯಾನೆಲ್ ಹತ್ತಿರ ಇರುವುದು ಹಳೇ ನಿಯಮದ ಪ್ರತಿ, ಹಾಗಾಗಿ ಬಾಗಿಲು ತೆರೆಯಬಹುದು. ತೆರೆದರೆ ಅದು ಯಂತ್ರದ ದೋಷ ಅಲ್ಲ, ಎಲ್ಲೆಡೆ ಇರುವ ಮಿತಿ. ಆದರೆ ಕೇಬಲ್ ಮತ್ತೆ ಹಾಕಿದ ಮೇಲೆ ಹೊಸ ನಿಯಮ ತಾನಾಗೇ ಇಳಿಯುತ್ತದಾ, ಯಾರಾದರೂ ಬಟನ್ ಒತ್ತಬೇಕಾ ಅಂತ ಅವರ ಕೈಯಲ್ಲೇ ಮಾಡಿಸಿ ನೋಡಿಕೊಳ್ಳಿ. ಬಟನ್ ಒತ್ತಬೇಕು ಅಂದರೆ ಜುಲೈನಲ್ಲಿ ಲೈನ್ ಹೋಗಿ ಬಂದಾಗಲೆಲ್ಲ ಅದನ್ನು ಒತ್ತುವವರು ಯಾರು ಅಂತಲೂ ಅವತ್ತೇ ಗೊತ್ತುಮಾಡಿ.